ಅನ್ನದ ಮುಂದೆ ಮನಸ್ಸು: ಸಮ್ಮೋಹನ ಚಿಕಿತ್ಸೆಯ ಬಳಕೆ ಮತ್ತು ಮಿತಿ



ಹಿಪ್ನಾಟಿಸಂ, ಅಂದರೆ ಸಮ್ಮೋಹನ, ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ವೇದಿಕೆಯ ಪ್ರದರ್ಶನ. ಮೇಲೆ ಕರೆದ ಹುಡುಗ ಈರುಳ್ಳಿಯನ್ನು ಸೇಬೆಂದು ಕಚ್ಚುತ್ತಾನೆ, ಜನ ನಗುತ್ತಾರೆ. ನಾಲಿಗೆಯನ್ನೇ ಮರುಳು ಮಾಡುವ ವಿದ್ಯೆಗೆ ಊಟ ಬಿಟ್ಟ ಮಗಳಿಗೆ ಊಟ ಸೇರುವಂತೆ ಮಾಡಲಾಗದೇ ಎಂದು ತಂದೆತಾಯಿ ಕೇಳುವುದು ಸಹಜ. ಕೆಲವರಿಗೆ ಸಹಾಯವಾಗುತ್ತದೆ, ಕೆಲವರಿಗೆ ಇಲ್ಲ. ಈ ವ್ಯತ್ಯಾಸ ಏಕೆಂಬುದೇ ನನ್ನ ವಿಷಯ.

ಸಿಗ್ಮಂಡ್ ಫ್ರಾಯ್ಡ್ 1892-93ರಲ್ಲಿ ಪ್ರಕಟಿಸಿದ ಒಂದು ಪ್ರಕರಣವಿದೆ. ಆಗತಾನೇ ಹೆತ್ತ ತಾಯಿ. ಮಗುವಿಗೆ ಮೊಲೆಯೂಡಿಸಲು ಅವಳಿಗೆ ಬಹಳ ಆಸೆ. ಆದರೆ ಹಾಲು ಸಾಲದು, ಊಟ ಸೇರದು, ತಿಂದದ್ದೆಲ್ಲ ವಾಂತಿ. ಫ್ರಾಯ್ಡ್ ಅವಳನ್ನು ಸಮ್ಮೋಹನಕ್ಕೆ ಒಳಪಡಿಸಿ, ಹೊಟ್ಟೆ ನೆಮ್ಮದಿಯಾಗಿದೆ, ಹಸಿವಾಗುತ್ತದೆ, ಮಗು ಚೆನ್ನಾಗಿ ಬೆಳೆಯುತ್ತದೆ ಎಂದು ಸೂಚನೆ ಕೊಟ್ಟ. ಅವಳು ಉಂಡಳು, ಹಾಲೂಡಿಸಿದಳು. ಮಾರನೆಯ ಮಧ್ಯಾಹ್ನ ಊಟ ತಂದಿಟ್ಟೊಡನೆ ಮತ್ತೆ ವಾಂತಿ. ಆ ಸಂಜೆ ಫ್ರಾಯ್ಡ್ ಕೊಟ್ಟ ಸೂಚನೆ ಸ್ವಾರಸ್ಯವಾಗಿದೆ: ತಾನು ಹೊರಟ ಐದು ನಿಮಿಷಕ್ಕೆ ಅವಳು ಮನೆಯವರ ಮೇಲೆ ರೇಗಿ, ನನ್ನ ಊಟ ಎಲ್ಲಿ, ನನ್ನನ್ನು ಉಪವಾಸ ಕೆಡವುತ್ತೀರಾ ಎಂದು ಕೇಳಬೇಕು. ಹಾಗೆಯೇ ಕೇಳಿದಳು. ಎಂಟು ತಿಂಗಳು ಹಾಲೂಡಿಸಿದಳು. ಆದರೂ ವೈದ್ಯನಿಗೆ ಮನೆಯವರಿಂದ ಒಂದು ಒಳ್ಳೆಯ ಮಾತಿಲ್ಲ. ಮುಂದಿನ ಹೆರಿಗೆಯಲ್ಲಿ ಅದೇ ತೊಂದರೆ ಬಂದು, ಅದೇ ಚಿಕಿತ್ಸೆ ಫಲಿಸಿದ ಮೇಲೆ ಅವಳೇ ಕಾರಣ ಹೇಳಿದಳು. ತನ್ನ ಮನೋಬಲಕ್ಕೆ ಆಗದ್ದು ಸಮ್ಮೋಹನಕ್ಕೆ ಆಯಿತಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

ಇವಳಿಗೆ ಇದ್ದದ್ದು ಇಂದು ನಾವು ಅನೊರೆಕ್ಸಿಯಾ ಎನ್ನುವ ಕಾಯಿಲೆಯಲ್ಲ. ಇವಳಿಗೆ ಉಣ್ಣುವ ಮನಸ್ಸಿತ್ತು, ಆಗುತ್ತಿರಲಿಲ್ಲ. ಸಮ್ಮೋಹನ ಬಂದು ಇವಳ ಬಯಕೆಯ ಪಕ್ಷಕ್ಕೆ ನಿಂತಿತು. ಅನೊರೆಕ್ಸಿಯಾದಲ್ಲಿ ಉಣ್ಣದಿರುವುದೇ ಬಯಕೆ. ಪಕ್ಷ ವಹಿಸಲು ಅಲ್ಲಿ ಸಿಗುವುದು ಕಾಯಿಲೆ ಮಾತ್ರ.

ಬುಲಿಮಿಯಾದ ಕಥೆ ಬೇರೆ. ತಡೆಯಲಾಗದೆ ಗಬಗಬ ತಿನ್ನುವುದು, ಆಮೇಲೆ ಬಾಗಿಲು ಹಾಕಿಕೊಂಡು ವಾಂತಿ ಮಾಡಿಕೊಳ್ಳುವುದು. ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದ. ಈ ಕಾಯಿಲೆಯವರಲ್ಲಿ ಬಹುಮಂದಿಗೆ ಇದು ನಿಲ್ಲಬೇಕೆಂಬ ಆಸೆಯಿದೆ. 1985ರಲ್ಲಿ ಅಮೆರಿಕದಲ್ಲಿ ಹೆಲೆನ್ ಪೆಟಿನಾಟಿ ಮತ್ತು ಸಂಗಡಿಗರು ಎರಡೂ ಕಾಯಿಲೆಯವರನ್ನು ಪರೀಕ್ಷಿಸಿದಾಗ, ಬುಲಿಮಿಯಾದವರು ಅನೊರೆಕ್ಸಿಯಾದವರಿಗಿಂತ ಹೆಚ್ಚು ಸುಲಭವಾಗಿ ಸಮ್ಮೋಹನಕ್ಕೆ ಒಳಗಾಗುವುದು ಕಂಡಿತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಂದು ಚಪಾತಿಯನ್ನು ಹದಿನಾರು ಚೂರು ಮಾಡಿ ಎಣಿಸುವ ಹುಡುಗಿಗೆ, ಮೈ ಸಡಿಲ ಬಿಡು, ನಾನು ಹೇಳಿದಂತೆ ಕೇಳು ಎಂದರೆ ದಿಗಿಲಾಗದೆ ಇರುತ್ತದೆಯೇ?

ಕೋಣೆಯೊಳಗೆ ನಡೆಯುವುದು ಇಷ್ಟೇ. ಕುರ್ಚಿಯಲ್ಲಿ ಒರಗಿ ಕೂತು, ಉಸಿರಿನ ಮೇಲೆ ಗಮನವಿಟ್ಟು, ಮೈ ಸಡಿಲ ಬಿಡುವುದು. ಎಚ್ಚರ ತಪ್ಪುವುದಿಲ್ಲ, ಹೊರಗಿನ ಆಟೋ ಸದ್ದೂ ಕೇಳುತ್ತಿರುತ್ತದೆ. ಆಮೇಲೆ ನಿಧಾನವಾಗಿ: "ರಾತ್ರಿ ಹನ್ನೊಂದು. ಫ್ರಿಜ್ಜಿನ ಮುಂದೆ ನಿಂತಿದ್ದೀರಿ. ಕೈ ಬಾಗಿಲ ಮೇಲಿದೆ. ಎದೆ ಹೊಡೆದುಕೊಳ್ಳುತ್ತಿದೆ. ಅದು ಏರಲಿ. ಏರಿದ್ದು ಇಳಿಯುತ್ತದೆ, ಇಳಿಯುವವರೆಗೆ ಉಸಿರಾಡುತ್ತಿರಿ." ಇದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಮನೆಯಲ್ಲಿ ತಾವೇ ಅಭ್ಯಾಸ ಮಾಡಿಕೊಳ್ಳಬಹುದು. ಮಂತ್ರವಿಲ್ಲ, ಲೋಲಕವೂ ಬೇಕಿಲ್ಲ.

ಆಸ್ಟ್ರೇಲಿಯಾದಲ್ಲಿ ಗ್ರಿಫಿತ್ಸ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುಲಿಮಿಯಾದವರಿಗೆ ಸಮ್ಮೋಹನ ಬೆರೆಸಿದ ವರ್ತನಾ ಚಿಕಿತ್ಸೆ ಕೊಟ್ಟರು. ಅದು ಅರಿವು-ವರ್ತನಾ ಚಿಕಿತ್ಸೆಗೆ (ಸಿಬಿಟಿ) ಸಮನಾಗಿ ನಿಂತಿತು. ಆದರೆ ಜೊತೆಗೆ ವರ್ತನಾ ಚಿಕಿತ್ಸೆಯೂ ಇದ್ದುದರಿಂದ ಗುಣದಲ್ಲಿ ಸಮ್ಮೋಹನದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಬ್ರಿಟನ್ನಿನ ನೈಸ್ ಸಂಸ್ಥೆ ಊಟಕ್ಕೆ ಸಂಬಂಧಿಸಿದ ಕಾಯಿಲೆಗಳ ಬಗ್ಗೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಶಿಫಾರಸುಗಳಲ್ಲಿ ಸಮ್ಮೋಹನವಿಲ್ಲ. ನಾನು ಇದನ್ನು ಮುಖ್ಯ ಚಿಕಿತ್ಸೆಯ ಪಕ್ಕವಾದ್ಯವೆಂದು ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚಲ್ಲ.

ಇನ್ನು ಹಸಿದ ಮಿದುಳಿನ ಮಾತು. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ. ಅವರು ಅಡುಗೆ ಪುಸ್ತಕ ಓದತೊಡಗಿದರು, ಊಟವನ್ನು ಗಂಟೆಗಟ್ಟಲೆ ಎಳೆದರು, ಸಿಡುಕಿದರು, ಯಾವುದರಲ್ಲೂ ಮನಸ್ಸು ನಿಲ್ಲಿಸಲಾರದಾದರು. ಹಾಗಾದರೆ ಮೂಳೆ ಚಕ್ಕಳವಾದ ಮಗುವನ್ನು ಸಮ್ಮೋಹನಕ್ಕೆ ಕೂರಿಸಿ ಏನು ಪ್ರಯೋಜನ? ಮೊದಲು ತೂಕ ಏರಬೇಕು. ಅದೂ ವೈದ್ಯರ ಕಣ್ಗಾವಲಿನಲ್ಲಿ, ಏಕೆಂದರೆ ಬಹುಕಾಲ ಹಸಿದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೆ ಅಪಾಯ. ಎಳೆಯರಿಗೆ ಹೆಚ್ಚು ಫಲ ಕೊಟ್ಟಿರುವುದು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ. ಅಲ್ಲಿ ಬಡಿಸುವ ಹೊಣೆ ತಂದೆತಾಯಿಯದು. ಬೈಯುವಂತಿಲ್ಲ, ಗೋಗರೆಯುವಂತಿಲ್ಲ, ತಟ್ಟೆ ಖಾಲಿಯಾಗುವವರೆಗೆ ಏಳುವಂತೆಯೂ ಇಲ್ಲ. ಹೇಳಿದಷ್ಟು ಸುಲಭವಲ್ಲ ಅದು.

ನನ್ನ ತಕರಾರು ಇರುವುದು "ಸಮ್ಮೋಹನದಿಂದ ತೂಕ ಇಳಿಸಿ" ಎಂಬ ಜಾಹೀರಾತುಗಳ ಮೇಲೆ. ಅಲ್ಲಿಗೆ ಹೋಗುವವರಲ್ಲಿ ಗುಟ್ಟಾಗಿ ವಾಂತಿ ಮಾಡಿಕೊಳ್ಳುವವರೂ ಇರುತ್ತಾರೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಎದೆಬಡಿತವೇ ತಪ್ಪಬಹುದು. ಆದ್ದರಿಂದ ಮೊದಲು ರಕ್ತ ಪರೀಕ್ಷೆ, ಇಸಿಜಿ. ಆಮೇಲೆ, ಸಮ್ಮೋಹನ ಮಾಡುವವರು ಮನೋವೈದ್ಯರೇ, ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿಯ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಯಾರನ್ನು ಕಾಣಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.