ಮಳೆ ಕಾಯುವ ಓತಿಕ್ಯಾತ
(ಸುವರ್ಣ ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ, ಪಗಾರದ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರುತ್ತೀರಿ. ಅದನ್ನು ಹೇಳುವವರು ನಿಮ್ಮ ಮೊಬೈಲಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಕೊಟ್ಟಿರುವ ಹದಿನೈದು ನಿಮಿಷದಲ್ಲಿ ನಾನು ಓತಿಕ್ಯಾತದ ಬಗ್ಗೆ ಮಾತಾಡುತ್ತೇನೆ. ನಕ್ಕರೂ ಅಡ್ಡಿಯಿಲ್ಲ.

ನಮ್ಮ ಬೋರಗಾಂವದಲ್ಲಿ ಯಾವುದಕ್ಕೂ ಎರಡು ಹೆಸರು. ಗೋಡೆಯ ಹಲ್ಲಿಗೆ ಮರಾಠಿ ಮಾತಾಡುವ ಮನೆಯಲ್ಲಿ ಪಾಲ, ಬೇಲಿಯ ಓತಿಕ್ಯಾತಕ್ಕೆ ಸರಡಾ, ಹಾವುರಾಣಿಗೆ ಸಾಪಸುರಳಿ, ಉಡಕ್ಕೆ ಘೋರಪಡ. ನಾಲ್ಕೂ ಒಂದೇ ಮನೆತನದವು. ಇವುಗಳಲ್ಲಿ ಉಡಕ್ಕೆ ಮಾತ್ರ ಇತಿಹಾಸದಲ್ಲಿ ಮರ್ಯಾದೆ ಸಿಕ್ಕಿದೆ. ಮುಧೋಳದ ಘೋರ್ಪಡೆ ಅರಸರ ಹಿರಿಯರು ಉಡದ ಸಹಾಯದಿಂದ ಕೋಟೆ ಹತ್ತಿದ್ದಕ್ಕೇ ಆ ಅಡ್ಡಹೆಸರು ಬಂತೆಂಬ ಐತಿಹ್ಯವಿದೆ. ಆದರೂ ಮಾಂಸಕ್ಕಾಗಿ ಅದನ್ನು ಹಿಡಿಯುವವರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಜೊತೆ ಉಡವೂ ಇದೆ. ಕೊಂದವರಿಗೆ ಮೂರರಿಂದ ಏಳು ವರ್ಷ ಜೈಲು. ಉಡದ ಮಾತು ಇಷ್ಟಕ್ಕೇ ಸಾಕು. ಯಾವ ಮರ್ಯಾದೆಯೂ ಇಲ್ಲದ, ಕಂಡ ಕೂಡಲೇ ಕೈಗೆ ಕಲ್ಲು ಬರುವ ಓತಿಕ್ಯಾತಕ್ಕೆ ಬರೋಣ.

ಬೆಳಿಗ್ಗೆ ಎಂಟರ ಹೊತ್ತಿಗೆ ಹೊಲದ ಬೇಲಿಯ ಗೂಟದ ಮೇಲೆ ನೋಡಿರಿ. ಮೈ ಕಪ್ಪಾಗಿ, ಚಪ್ಪಟೆಯಾಗಿ ಬಿಸಿಲಿಗೆ ಒಡ್ಡಿಕೊಂಡು ಕೂತಿರುತ್ತದೆ. ನಮ್ಮ ಹಾಗೆ ಅನ್ನ ಉಂಡು ಒಳಗಿನಿಂದ ಮೈ ಬಿಸಿ ಇಟ್ಟುಕೊಳ್ಳುವ ಪ್ರಾಣಿ ಅದಲ್ಲ. ಬಿಸಿಯನ್ನು ಸೂರ್ಯನಿಂದ ತರಬೇಕು. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ, ಅದಕ್ಕೇ ಆ ವೇಷ. ಮೈ ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ. ಅಂದರೆ ಅದು ಬಣ್ಣ ಬದಲಿಸುವುದು ಮೋಸಕ್ಕಲ್ಲ. (ವೇದಿಕೆಯ ಮೇಲಿರುವ ಯಾರನ್ನೂ ಕುರಿತು ಈ ಮಾತು ಹೇಳುತ್ತಿಲ್ಲ.) ಮಳೆಗಾಲ ಹತ್ತಿರವಾದಾಗ ಗಂಡಿನ ತಲೆ, ಗಂಟಲು ಕೆಂಪೇರುತ್ತವೆ, ತಾಲೀಮಿನ ಪೈಲವಾನನ ಹಾಗೆ ಮುಂಗಾಲಿನ ಮೇಲೆ ದಂಡ ಹೊಡೆಯುತ್ತದೆ. ‘ಇದು ನನ್ನ ಬೇಲಿ’ ಎಂದು ಬೇರೆ ಗಂಡುಗಳಿಗೆ ಹೇಳುವ ಭಾಷೆ ಅದು. ನಮ್ಮನ್ನು ಅಣಕಿಸುವುದೂ ಅಲ್ಲ, ದೂರದಿಂದ ನಮ್ಮ ರಕ್ತ ಹೀರುವುದೂ ಅಲ್ಲ. ಆ ಕೆಂಪು ಗಂಟಲು ನೋಡಿ ಇಂಗ್ಲಿಷರು ಕೂಡ ಅದಕ್ಕೆ ‘ರಕ್ತ ಹೀರುವುದು’ ಎಂದೇ ಹೆಸರಿಟ್ಟರು. ತಿನ್ನುವುದು ಇರುವೆ, ಮಿಡತೆ, ಹುಳ.

ತಲೆಯ ನಡುವೆ ಒಂದು ಹುರುಪೆಯಲ್ಲಿ ಸಣ್ಣ ಚುಕ್ಕೆ ಇರುತ್ತದೆ. ಅದು ಮೂರನೇ ಕಣ್ಣು. ಅದರೊಳಗೆ ಮಸೂರವಿದೆ, ಬೆಳಕು ತಿಳಿಯುವ ಪದರವಿದೆ. ಚಿತ್ರ ಕಾಣಿಸುವುದಿಲ್ಲ, ಬೆಳಕೆಷ್ಟು ಎಂಬುದು ಮಾತ್ರ ಗೊತ್ತಾಗುತ್ತದೆ. ಗೋಡೆಯ ಹಲ್ಲಿಗೆ ಈ ಕಣ್ಣಿಲ್ಲ. ಅದರ ಬದಲು ಹಲ್ಲಿಗೆ ಬಾಲ ಕಳಚುವ ವಿದ್ಯೆಯಿದೆ: ಬಾಲದ ಎಲುಬುಗಳಲ್ಲೇ ಮುರಿಯುವ ಗೆರೆ ಮೊದಲೇ ಇದೆ, ಮತ್ತೆ ಬೆಳೆಯುವ ಬಾಲದೊಳಗೆ ಎಲುಬಿನ ಬದಲು ಮೃದ್ವಸ್ಥಿಯ ಕೊಳವೆ ಇರುತ್ತದೆ. ಓತಿಕ್ಯಾತಕ್ಕೆ ಆ ವಿದ್ಯೆ ಇಲ್ಲ. ಕಲ್ಲು ಬಿದ್ದರೆ ಮುಗಿಯಿತು.

ಇನ್ನು ನಾನು ನಿಜವಾಗಿ ಹೇಳಲು ಬಂದ ವಿಷಯ. ಇದನ್ನು ಕಂಡುಹಿಡಿದವರು ಅಮೆರಿಕದವರಲ್ಲ. ನಿಪ್ಪಾಣಿಯಲ್ಲಿ ಬಸ್ ಹತ್ತಿದರೆ ಮೂರು-ನಾಲ್ಕು ತಾಸಿನ ದಾರಿ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ. ಅಲ್ಲಿ ಪ್ರೊ. ಎಸ್.ಕೆ. ಸೈದಾಪುರ, ಪ್ರೊ. ಭಾಗ್ಯರೇಖಾ ಶಾನಭಾಗ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಇದೇ ಓತಿಕ್ಯಾತವನ್ನು ಅಭ್ಯಾಸ ಮಾಡಿದರು.

ಓತಿಕ್ಯಾತದ ಮೊಟ್ಟೆಯ ಸಿಪ್ಪೆ ಕೋಳಿಮೊಟ್ಟೆಯಂತೆ ಗಡುಸಲ್ಲ, ತೊಗಲಿನಂತೆ ಮೆತ್ತಗೆ. ಮಣ್ಣಿನೊಳಗಿದ್ದು ಅದು ನೀರು ಹೀರಿ ದಪ್ಪಗಾಗುತ್ತದೆ. ಮಣ್ಣು ಒಣಗಿದ್ದರೆ ಮೊಟ್ಟೆ ಮುದುಡಿ ಸಾಯುತ್ತದೆ. ಹಾಗಾದರೆ ಹೊಟ್ಟೆಯಲ್ಲಿ ಮೊಟ್ಟೆ ತಯಾರಾಗಿ, ಮಳೆಯೇ ಬರದಿದ್ದರೆ ತಾಯಿ ಏನು ಮಾಡಬೇಕು? ಕಾಯುತ್ತದೆ. ತಿಂಗಳುಗಟ್ಟಲೆ ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಒಳಗಿನ ಮರಿ ಅಷ್ಟರಲ್ಲಿ ಬೆಳೆದುಬಿಟ್ಟರೆ? ಅದಕ್ಕೂ ಉಪಾಯವಿದೆ. ತಾಯಿ ತನ್ನ ಮೈಯ ಬಿಸಿಯನ್ನೇ ಕಡಿಮೆ ಇಟ್ಟುಕೊಳ್ಳುತ್ತದೆ, ಆಗ ಮರಿಯ ಬೆಳವಣಿಗೆ ಒಂದು ಹಂತಕ್ಕೆ ನಿಂತುಬಿಡುತ್ತದೆ. ಇದನ್ನು ಧಾರವಾಡದವರು 2003ರಲ್ಲಿ ಪ್ರಕಟಿಸಿದರು. ನಾನು ದಿನಾ ಕಂಪ್ಯೂಟರಿಗೆ ಬರೆಯುವ ಷರತ್ತು ಇಂಥದ್ದೇ: ಮಣ್ಣು ಹಸಿಯಾಗಿದ್ದರೆ ಮುಂದೆ ನಡೆ, ಇಲ್ಲದಿದ್ದರೆ ನಿಲ್ಲು. ನಾನು ಬರೆದದ್ದು ಎಷ್ಟೋ ಸಲ ಕೆಡುತ್ತದೆ.

ಮಿರಗದ ಮಳೆ ಕೂಡಿತೇ, ಇಲ್ಲವೇ ಎಂದು ನಿಮ್ಮ ಅಪ್ಪ, ಅಜ್ಜ ಆಕಾಶ ನೋಡುತ್ತ ಬೀಜದ ಚೀಲ ಕಟ್ಟಿಯೇ ಇಡುತ್ತಾರಲ್ಲ, ಆ ಹೊತ್ತಿನಲ್ಲಿ ಅದೇ ಹೊಲದ ಬದುವಿನ ಮೇಲೆ ಇನ್ನೊಂದು ಜೀವವೂ ಅದೇ ಮಳೆಗೆ ತನ್ನ ಬೀಜ ಹಿಡಿದುಕೊಂಡು ಕೂತಿರುತ್ತದೆ. ಮಳೆಯಾದ ಮೇಲೆ ಅದು ಮೆತ್ತನೆಯ ಮಣ್ಣು ಹುಡುಕಿ ಕುಣಿ ತೋಡುತ್ತದೆ, ಹತ್ತಿಪ್ಪತ್ತು ಮೊಟ್ಟೆ ಇಡುತ್ತದೆ, ಮಣ್ಣು ಮುಚ್ಚಿ ಮೂತಿಯಿಂದ ಒತ್ತಿ ಹೊರಟುಹೋಗುತ್ತದೆ. ಹೆಚ್ಚುಕಡಿಮೆ ಎರಡು ತಿಂಗಳಿಗೆ ಮರಿ.

ಗಂಡೋ ಹೆಣ್ಣೋ? ನಮ್ಮಲ್ಲಿ ಎಕ್ಸ್, ವೈ ವರ್ಣತಂತುಗಳಿಂದ ತೀರ್ಮಾನವಾಗುತ್ತದೆ ಎಂದು ಹತ್ತನೇ ತರಗತಿಯವರು ಓದಿದ್ದೀರಿ. ಓತಿಕ್ಯಾತದಲ್ಲಿ ಅಂಥ ಲಿಂಗ ವರ್ಣತಂತುಗಳು ಗುರುತಿಗೇ ಸಿಗುವುದಿಲ್ಲ. ಧಾರವಾಡದ ವಿಜ್ಞಾನಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಜೊತೆ ಸೇರಿ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ನೋಡಿ, 2012ರಲ್ಲಿ ಬರೆದರು: ಉಷ್ಣತೆ ಏರುತ್ತ ಹೋದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು. ಎಲ್ಲ ಕೆಲವೇ ಡಿಗ್ರಿಯೊಳಗೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮಣ್ಣಿನ ಬಿಸಿ ಹೇಳುತ್ತದೆ.

ಈಗ ನಮ್ಮ ಊರಿನ ಬದು ನೆನಪಿಸಿಕೊಳ್ಳಿರಿ. ಕಬ್ಬು ಬಂದ ಮೇಲೆ ಒಂದೊಂದು ಸಾಲು ಹೆಚ್ಚಿಗೆ ಹಾಕುವ ಆಸೆಗೆ ಬದು ಸಪೂರವಾಗುತ್ತ ಬಂತು. ಗಿಡ ಹೋಯಿತು, ನೆರಳು ಹೋಯಿತು. ನೆರಳಿನ ಮಣ್ಣಿಗೂ ಬೋಳು ಮಣ್ಣಿಗೂ ಮಧ್ಯಾಹ್ನ ಎಷ್ಟು ಡಿಗ್ರಿ ವ್ಯತ್ಯಾಸವೆಂದು ಬರಿಗಾಲಲ್ಲಿ ನಡೆದ ಯಾರನ್ನು ಬೇಕಾದರೂ ಕೇಳಿರಿ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುತ್ತೇವೆ. ಬೇಸಿಗೆಯ ಆ ಬೆಂಕಿಗೆ ಮೊಟ್ಟೆ ಸಿಗುವುದು ಕಡಿಮೆ, ಮೊಟ್ಟೆಯ ಕಾಲ ಮಳೆಗಾಲ, ನಿಜ. ಆದರೆ ಮೊಟ್ಟೆ ಇಡಬೇಕಾದ ತಾಯಿಯೇ ರವದಿಯೊಳಗೆ ಅಡಗಿರುತ್ತದೆ. ರವದಿಯನ್ನು ಕತ್ತರಿಸಿ ಹೊಲಕ್ಕೇ ಹೊದಿಸಿದರೆ ಭೂಮಿಗೆ ಹಸಿ ಉಳಿಯುತ್ತದೆ ಎಂದು ಕೃಷಿ ಇಲಾಖೆಯವರು ಹೇಳುತ್ತಲೇ ಬಂದಿದ್ದಾರೆ. ರೈತರು ಹಿಂಜರಿಯುವುದು ಕೂಲಿಯ ಖರ್ಚಿಗೆ, ಅದನ್ನೂ ನಾನು ಬಲ್ಲೆ. ಬೆಂಕಿ ಹಚ್ಚುವುದೇ ಆದರೆ ನಾಲ್ಕೂ ಕಡೆಯಿಂದ ಹಚ್ಚಬೇಡಿ, ಒಂದು ಕಡೆ ಓಡಲು ದಾರಿ ಬಿಡಿ. ಅದಕ್ಕೆ ಖರ್ಚಿಲ್ಲ.

ತಾಯಂದಿರಿಗೆ ಒಂದು ಮಾತು. ಮನುಷ್ಯನನ್ನು ಕೊಲ್ಲುವ ವಿಷ ನಮ್ಮ ಭಾಗದ ಹಲ್ಲಿಗಾಗಲಿ ಓತಿಕ್ಯಾತಕ್ಕಾಗಲಿ ಹಾವುರಾಣಿಗಾಗಲಿ ಇಲ್ಲ. ಹಲ್ಲಿ ಬಿದ್ದ ಹಾಲನ್ನು ಚೆಲ್ಲಲೇಬೇಕು; ಕಾರಣ ವಿಷವಲ್ಲ, ಅದರ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಕುಡಿದ ಮಗುವಿಗೆ ವಾಂತಿ-ಭೇದಿ ಆದರೆ ದವಾಖಾನೆಗೆ ಕರೆದೊಯ್ಯಿರಿ. ಸತ್ತೇಹೋಗುತ್ತಾನೆಂದು ಅಳಬೇಡಿ, ಆ ಅಂಜಿಕೆಗೇ ಹುಡುಗರು ಮೂರ್ಛೆ ಹೋಗುತ್ತಾರೆ.

ಮಕ್ಕಳೇ, ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಮಣ್ಣಿನ ಉಷ್ಣತೆ ನೋಡುವ ಒಂದು ಥರ್ಮಾಮೀಟರು, ಒಂದು ಮಳೆಮಾಪಕ, ಇನ್ನೂರು ಪುಟದ ಒಂದು ರಿಜಿಸ್ಟರು ಕೊಟ್ಟಿದ್ದೇನೆ. ಮೊದಲ ಪುಟಕ್ಕೆ ಗೆರೆ ಎಳೆದಿದ್ದೇನೆ: ತಾರೀಖು, ಬಿದ್ದ ಮಳೆ, ನೆರಳಿನ ಮಣ್ಣಿನ ಬಿಸಿ, ಬಿಸಿಲಿನ ಮಣ್ಣಿನ ಬಿಸಿ, ಕೆಂಪು ಗಂಟಲಿನ ಗಂಡು ಕಂಡಿತೇ, ಕುಣಿ ತೋಡುವ ಹೆಣ್ಣು ಕಂಡಿತೇ. ಹಿಡಿಯಬಾರದು, ಕುಣಿ ಅಗೆಯಬಾರದು, ದೂರ ನಿಂತು ನೋಡಿ ಬರೆಯಬೇಕು. ರೋಹಿಣಿ ಮಳೆಗೇ ಶುರು ಮಾಡಿರಿ. ದೀಪಾವಳಿ ರಜೆಗೆ ನಾನು ಊರಿಗೆ ಬಂದಾಗ ಆ ಪುಸ್ತಕ ನೋಡುತ್ತೇನೆ.