ಎದೆಯ ಪರೀಕ್ಷೆ: ಯಾವುದು ಸಹಜ, ಯಾವುದು ಅಲ್ಲ?

(ಕೋಟನೂರಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಭೆ ಕೂಡಿದಾಗೆಲ್ಲ ನಾವು ಉಳಿತಾಯದ ಪಾಸ್‌ಬುಕ್ ತಪ್ಪದೆ ನೋಡುತ್ತೇವೆ. ನಮ್ಮ ಶರೀರದ ಲೆಕ್ಕ ಮಾತ್ರ ಮರೀತೀವಿ. ಎದೆಯಲ್ಲಿ ಗಂಟು ಕೈಗೆ ಹತ್ತಿದರೂ "ನೋವೇನಿಲ್ಲ, ಇರಲಿ ಬಿಡು" ಅಂತೀವಿ. ಆದರೆ ಕ್ಯಾನ್ಸರ್ ಗಂಟು ಶುರುವಿಗೆ ಹೆಚ್ಚಾಗಿ ನೋಯುವುದೇ ಇಲ್ಲ. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡು ಹೋಗ್ರಿ.

ದವಾಖಾನೆಯಲ್ಲಿ ಮೊದಲು ಕೂಡಿಸಿ, ಕೈ ಮೇಲೆತ್ತಿಸಿ ಎರಡೂ ಸ್ತನ ನೋಡುತ್ತಾರೆ. ಆಮೇಲೆ ಮಲಗಿಸಿ, ಮೂರು ಬೆರಳಿನಿಂದ ಸ್ತನ, ಬಗಲು, ಕುತ್ತಿಗೆ ಕೆಳಗಿನ ಎಲುಬಿನ ಸುತ್ತ ಒತ್ತಿ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ.

ಸಹಜವಾದದ್ದು: ಎರಡು ಸ್ತನಗಳ ಗಾತ್ರದಲ್ಲಿ ಮೊದಲಿನಿಂದಲೂ ಸ್ವಲ್ಪ ವ್ಯತ್ಯಾಸ. ಮುಟ್ಟಿನ ಮುಂಚೆ ಭಾರ, ನೋವು, ಎರಡೂ ಕಡೆ ಗಂಟುಗಂಟಾದಂತೆ ಅನಿಸಿ, ಮುಟ್ಟು ಮುಗಿದ ಮೇಲೆ ಕಡಿಮೆಯಾಗುವುದು. ಹುಡುಗಿಯಾಗಿದ್ದಾಗಿನಿಂದಲೇ ಒಳಗಿರುವ ಮೊಲೆತೊಟ್ಟು.

ತೋರಿಸಲೇಬೇಕಾದದ್ದು: ಸ್ತನದಲ್ಲಿ ಅಥವಾ ಬಗಲಲ್ಲಿ ಹೊಸ ಗಂಟು. ಚರ್ಮ ಒಳಗೆ ಎಳೆದು ಕುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತಾಗುವುದು. ಮೊಲೆತೊಟ್ಟು ಹೊಸದಾಗಿ ಒಳಗೆ ಹೋಗುವುದು, ಅದರ ಮೇಲೆ ಮಾಯದ ಹುಣ್ಣು. ಹಿಂಡದೆಯೇ ಒಂದೇ ಕಡೆಯಿಂದ ರಕ್ತ ಅಥವಾ ನೀರು ಬರುವುದು. ಹಾಲುಣಿಸುವ ತಾಯಿಗೆ ಎದೆ ಕೆಂಪಾಗಿ ಬಾತು ಜ್ವರ ಬಂದರೆ ಹೆಚ್ಚಾಗಿ ಅದು ಸೋಂಕು. ಔಷಧಿಗೆ ಇಳಿಯದಿದ್ದರೆ ಮತ್ತೆ ತೋರಿಸಿರಿ.

ಹೆದರಬ್ಯಾಡ್ರಿ, ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಯಾವುದು ಏನೆಂದು ಹೇಳಬೇಕಾದದ್ದು ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ, ನಾವಲ್ಲ, ನೆರೆಮನೆಯವರೂ ಅಲ್ಲ. ಸೂಜಿ ಚುಚ್ಚಿದರೆ ರೋಗ ಹಬ್ಬುತ್ತದೆ ಅನ್ನೋದು ಸುಳ್ಳು.

ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಒಂದು ಅಧ್ಯಯನ ಮಾಡಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಬರೀ ಕೈಯಿಂದ ಈ ಪರೀಕ್ಷೆ ಮಾಡಿದರು. 50 ದಾಟಿದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಯಿತು ಎಂದು 2021ರಲ್ಲಿ ಪ್ರಕಟವಾಯಿತು.

ಸರಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಈ ಪರೀಕ್ಷೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಬದಲಾವಣೆ ಕಂಡರೆ ಮಾತ್ರ ಐದು ವರ್ಷ ಅಲ್ಲ, ಐದು ವಾರವೂ ಕಾಯಬ್ಯಾಡ್ರಿ. ಡಾಕ್ಟರು ಚೀಟಿ ಬರೆದುಕೊಟ್ಟರೆ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ನಮ್ಮ ಕಲಬುರಗಿಯಲ್ಲೇ ಇದೆ. ಒಬ್ಬಾಕೆಗೆ ನಾಚಿಕೆ, ಭಯ ಇದ್ದರೆ ಸಂಘದ ಇಬ್ಬರು ಜೊತೆಗೆ ಹೋಗೋಣ. ಗಾಡಿ ಖರ್ಚಿಗೆ ಸಂಘದ ಉಳಿತಾಯ ಇದೆ. ಕಷ್ಟಕ್ಕೆ ಆಗದ ಸಂಘ ಮತ್ತ್ಯಾವುದಕ್ಕೆ?