ಪೈಪನ್ನು ಹೊತ್ತವರು ಯಾರು?



ಅಗ್ನಿ ಸುರಕ್ಷೆಯ ಸಂಕಿರಣಗಳು ಬೆಂಗಳೂರಿನ ಹೋಟೆಲುಗಳಲ್ಲಿ ನಡೆಯುವುದು ವಾಡಿಕೆ. ಈ ಸಂಕಿರಣವನ್ನು ಕಲಬುರಗಿ ಜಿಲ್ಲೆಯ ಐನಾಪುರಕ್ಕೆ ತಂದ ಸಂಘಟಕರಿಗೆ ನಾನು ಋಣಿ. ಇಲ್ಲಿಂದ ಯಾವ ಕಡೆ ಹೊರಟರೂ ನಮ್ಮ ಕಸುಬಿಗೆ ಕೆಲಸವಿದೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಗ್ಯಾಲರಿಗಳಿವೆ. ಊರೂರಲ್ಲಿ ತೊಗರಿ ಗೋದಾಮುಗಳಿವೆ. ಶಹಾಬಾದಿನ ಸಿಮೆಂಟ್ ಕಂಪನಿಯಂತೂ 1936ರಲ್ಲಿ ಎಸಿಸಿಯಾಗಿ ಒಂದುಗೂಡಿದ ಕಂಪನಿಗಳಲ್ಲಿ ಒಂದು. ಅಂದರೆ ಕಾರ್ಖಾನೆಯ ಬೆಂಕಿ ಈ ಭಾಗಕ್ಕೆ ಹೊಸ ಸುದ್ದಿಯಲ್ಲ.

ಪಂಪುಗಳ ಬಗ್ಗೆ ಮಾತಾಡುವವರು ಮೊದಲ ಗೋಷ್ಠಿಯಲ್ಲಿದ್ದಾರೆ. ಸ್ಪ್ರಿಂಕ್ಲರ್ ಬಲ್ಬುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಎರಡನೆಯ ಸಾಲಿನಲ್ಲೇ ನಗುತ್ತ ಕೂತಿದ್ದಾರೆ. ಅವರ ಪ್ರಬಂಧಗಳನ್ನು ಓದಿದ್ದೇನೆ, ತಕರಾರಿಲ್ಲ. ನನ್ನ ತಕರಾರು ಹ್ಯಾಂಗರ್ ಬಗ್ಗೆ. ಪೈಪನ್ನು ಛಾವಣಿಗೆ ತೂಗುಹಾಕುವ ಆ ಕ್ಲಾಂಪು, ಥ್ರೆಡ್ ರಾಡು, ಆಂಕರ್ ಬೋಲ್ಟು ಇವುಗಳ ಬಗ್ಗೆ.

ಟೆಂಡರ್ ಕಾಗದ ತೆಗೆದು ನೋಡಿ. ಪಂಪಿಗೆ ಒಂದು ಸಾಲು, ವಾಲ್ವಿಗೆ ಒಂದು ಸಾಲು, ಪೈಪಿಗೆ ಮೀಟರ್ ಲೆಕ್ಕದಲ್ಲಿ ದರ. ಹ್ಯಾಂಗರ್ ಎಲ್ಲಿದೆ? ಪೈಪಿನ ದರದ ಬಾಲದಲ್ಲಿ, ‘ಅಗತ್ಯ ಸಪೋರ್ಟುಗಳನ್ನೂ ಒಳಗೊಂಡು’ ಎಂಬ ಮಾತಿನೊಳಗೆ. ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲೇ ಎಂದು ನಾನು ಬಹಳ ಕಾಲದಿಂದ ಹೇಳುತ್ತಿದ್ದೇನೆ. ಪ್ರತ್ಯೇಕ ಬೆಲೆಯಿಲ್ಲದ ವಸ್ತುವನ್ನು ಕಂಟ್ರಾಕ್ಟರ್ ಕಡಿಮೆ ಹಾಕಿದಷ್ಟೂ ಅವನಿಗೆ ಲಾಭ. ಅವನನ್ನು ಬೈದು ಪ್ರಯೋಜನವಿಲ್ಲ, ಕಾಗದ ಬರೆದವರು ನಾವು. ನಕ್ಷೆಯಲ್ಲೂ ಪೈಪು ಗೆರೆಯಾಗಿ ಬರುತ್ತದೆ. ಅದನ್ನು ಹಿಡಿದಿರುವುದು ಏನು ಎಂಬುದು ಬರುವುದಿಲ್ಲ.

ಸ್ವಲ್ಪ ತೂಕ ಹಾಕೋಣ. 100 ಮಿಲಿಮೀಟರಿನ ಮೀಡಿಯಂ ಪೈಪು ನೀರು ತುಂಬಿದಾಗ ಮೀಟರಿಗೆ ಸುಮಾರು 21 ಕಿಲೋ. ಎರಡು ಹ್ಯಾಂಗರುಗಳ ನಡುವೆ ನಾಲ್ಕೂವರೆ ಮೀಟರ್ ಬಿಟ್ಟರೆ ಒಂದೊಂದರ ಪಾಲಿಗೆ 95 ಕಿಲೋ. ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡ ಎನ್‌ಎಫ್‌ಪಿಎ 13 ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಹ್ಯಾಂಗರು ಈ ತೂಕದ ಐದು ಪಟ್ಟನ್ನೂ ಅದರ ಮೇಲೆ ಇನ್ನೂ 114 ಕಿಲೋವನ್ನೂ ತಾಳಬೇಕು ಎನ್ನುತ್ತದೆ. ಒಟ್ಟು 590 ಕಿಲೋದ ಹತ್ತಿರ ಬಂತು. ಆ 114 ಕಿಲೋ ಯಾಕೆ ಎಂದು ಹುಡುಗರು ಕೇಳುತ್ತಾರೆ. ಪೈಪಿನ ಮೇಲೆ ಕಾಲಿಟ್ಟು ಹತ್ತುವ ಮನುಷ್ಯನನ್ನು ನಮ್ಮ ಕಾರ್ಖಾನೆಗಳಲ್ಲಿ ಕಂಡವರಾರೂ ಆ ಪ್ರಶ್ನೆ ಕೇಳುವುದಿಲ್ಲ. ಪೈಪಿಗೆ ಬೇರೆ ಏನನ್ನೂ ತೂಗುಹಾಕಬಾರದು ಎಂದೂ ಅದೇ ಪುಸ್ತಕ ಹೇಳುತ್ತದೆ. ನಮ್ಮಲ್ಲಿ ಕೇಬಲ್ಲು, ಟ್ಯೂಬ್‌ಲೈಟು, ಒಮ್ಮೊಮ್ಮೆ ಊಟದ ಡಬ್ಬಿ.

ಪರೀಕ್ಷೆಯ ಕಥೆ ಇನ್ನೊಂದು. ಪೈಪಿನೊಳಗೆ ಸುಮಾರು 14 ಬಾರ್ ಒತ್ತಡ ಏರಿಸಿ ಎರಡು ಗಂಟೆ ಕಾಯುತ್ತೇವೆ. ಗೇಜಿನ ಮುಳ್ಳು ಇಳಿಯದಿದ್ದರೆ ಎಲ್ಲರಿಗೂ ಚಹಾ. ಆ ಎರಡು ಗಂಟೆ ಕೀಲುಗಳ ಪರೀಕ್ಷೆಯಾಯಿತು, ಹ್ಯಾಂಗರುಗಳದ್ದಲ್ಲ. ಅಲ್ಲಿ ನೀರು ನಿಂತಿರುತ್ತದೆ. ಬೆಂಕಿಯ ದಿನ 68 ಡಿಗ್ರಿಗೆ ಬಲ್ಬು ಒಡೆದು ನೀರು ನುಗ್ಗಿದಾಗ ಪೈಪು ಒದ್ದಾಡುತ್ತದೆ. ಕೊನೆಯ ಸ್ಪ್ರಿಂಕ್ಲರಿನ ತುದಿ ಮೇಲಕ್ಕೆ ಚಿಮ್ಮಲು ನೋಡುತ್ತದೆ. ಹಾಗಾಗಿಯೇ ಹೆಚ್ಚಿನ ಒತ್ತಡದ ಸಾಲಿನಲ್ಲಿ ಆ ತುದಿಯ ಹ್ಯಾಂಗರು ಪೈಪನ್ನು ಮೇಲೇಳದಂತೆಯೂ ಹಿಡಿಯಬೇಕೆಂಬ ನಿಯಮವಿದೆ. ಕನ್ವೇಯರ್ ಗ್ಯಾಲರಿಯಲ್ಲಂತೂ ಬೆಂಕಿಯ ತನಕ ಕಾಯಬೇಕಿಲ್ಲ. ದಿನವಿಡೀ ಅದುರುವ ಉಕ್ಕಿನಲ್ಲಿ ಲಾಕ್‌ನಟ್ ಇಲ್ಲದ ರಾಡು ತಾನಾಗಿಯೇ ಸಡಿಲವಾಗುತ್ತದೆ.

ಇಷ್ಟೂ ಬಗೆಹರಿಯುವ ಮಾತು: ಟೆಂಡರ್ ತಿದ್ದಿ, ನಕ್ಷೆಯಲ್ಲಿ ಬರೆಯಿರಿ, ನಟ್ಟು ಬಿಗಿಯಿರಿ. ನನ್ನನ್ನು ಬಿಡದೆ ಕಾಡುವುದು ಬೇರೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಆದರೂ ಹೇಳಿಬಿಡುತ್ತೇನೆ.

ಈ ಸೀಮೆಯ ಹಳೆಯ ಗೋದಾಮಿನಲ್ಲಿ ಹ್ಯಾಂಗರನ್ನು ಯಾವುದಕ್ಕೆ ಹಾಕಬೇಕು? ಮೇಲೆ ಇರುವುದು ಕಾಂಕ್ರೀಟಲ್ಲ, ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಇಂಥದೊಂದು ಗೋದಾಮಿನಲ್ಲಿ ಆಂಕರ್ ಹೊಡೆಸುತ್ತ ನಿಂತಿದ್ದೆ. ಫಿಟ್ಟರ್ ನಟ್ಟು ಬಿಗಿಯುತ್ತಿದ್ದಂತೆ ತಟ್ಟೆಯಗಲದ ಹೆಕ್ಕಳೆಯೊಂದು ಬೋಲ್ಟಿನ ಸಮೇತ ಕಳಚಿ ಬಂತು. ಅವನು ಅದನ್ನು ನನ್ನ ಕೈಗಿಟ್ಟು, “ಪದರ ಅದ್ರೀ ಸಾಹೇಬ್ರ. ಮ್ಯಾಲ ಎಷ್ಟ ಹೇರ್ರಿ, ತಡೀತದ. ಕೆಳಗ ಜಗ್ಗಿದ್ರ ಬಿಟ್ಟ ಕೊಡ್ತದ” ಎಂದ. ಭೂವಿಜ್ಞಾನದವರು ಇದನ್ನೇ ಭೀಮಾ ಕಣಿವೆಯ ಪದರುಗಟ್ಟಿದ ಸುಣ್ಣಕಲ್ಲು ಎನ್ನುತ್ತಾರೆ. ಪದರಗಳು ಮಲಗಿವೆ, ಆಂಕರ್ ಎಳೆಯುವುದು ಅವನ್ನು ಒಂದರಿಂದೊಂದು ಬಿಡಿಸುವ ದಿಕ್ಕಿನಲ್ಲೇ. ನಮ್ಮ ಸ್ಪ್ರಿಂಕ್ಲರ್ ಮಾನದಂಡ ಐಎಸ್ 15105 ಆಗಲಿ ಎನ್‌ಎಫ್‌ಪಿಎ ಆಗಲಿ ಬರೆಯುವಾಗ ಫರ್ಸಿಯ ಮಾಳಿಗೆ ಯಾರ ಕಣ್ಣಮುಂದೆಯೂ ಇರಲಿಲ್ಲ. ಇನ್ನೂ ಒಂದು ತಮಾಷೆ ನೋಡಿ. ಐದು ಪಟ್ಟು ತಾಳಬೇಕಾದದ್ದು ಹ್ಯಾಂಗರು ಮಾತ್ರ. ಕಟ್ಟಡದಿಂದ ಕೇಳುವುದು ನೀರು ತುಂಬಿದ ಪೈಪಿನ ತೂಕ ಮತ್ತು 114 ಕಿಲೋ, ಅಷ್ಟೆ. ಅಂದರೆ ಕೊಂಡಿ ಗಟ್ಟಿ, ಛಾವಣಿ ಬಡವ.

ಛಾವಣಿ ಬೇಡ, ಗೋಡೆಯಿಂದ ಗೋಡೆಗೆ ಆಂಗಲ್ ಹಾಕಿ ಅದರ ಮೇಲೆ ಪೈಪು ಕೂರಿಸೋಣ ಎಂದರೆ, ಗೋಡೆಯ ಒಳಗಿರುವುದು ಕಲ್ಲು ಮತ್ತು ಮಣ್ಣು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥ ಗೋಡೆಗಳೇ. ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. 2021ರ ಅಕ್ಟೋಬರಿನಲ್ಲಿ ಭೂಮಿ ಅದುರಿದಾಗ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದದ್ದು ಈ ಸಭೆಯಲ್ಲಿರುವ ಚಿಂಚೋಳಿಯವರಿಗೆ ನಾನು ಹೇಳಬೇಕೆ? 2016ರ ಭೂಕಂಪ ವಲಯಗಳ ನಕ್ಷೆಯಲ್ಲಿ ಕಲಬುರಗಿ ಇದ್ದದ್ದು ಎರಡನೆಯ ವಲಯದಲ್ಲಿ, ಅತಿ ಕಡಿಮೆ ಅಪಾಯದ್ದು. ಅದನ್ನು ತೋರಿಸಿ ಅಡ್ಡ ಬ್ರೇಸಿಂಗ್ ಬೇಡ ಎನ್ನುತ್ತ ಬಂದೆವು. ಹ್ಯಾಂಗರು ಹಿಡಿಯುವುದು ಕೆಳಮುಖದ ಭಾರ. ಅಕ್ಕಪಕ್ಕದ ತೂಗಾಟ ಅದರ ಕೆಲಸವಲ್ಲ. 1994ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಕಂಪನದಲ್ಲಿ ಆಲಿವ್ ವ್ಯೂ ಆಸ್ಪತ್ರೆಯ ಕಟ್ಟಡ ನಿಂತಿತು, ಪೈಪುಗಳು ಒಡೆದು ನೀರು ಹರಿದು ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು.

ಹಾಗಾದರೆ ನೆಲದಿಂದಲೇ ಕಂಬ ಎತ್ತೋಣ ಎಂದು ನಮ್ಮ ಯುವ ಮಿತ್ರರೊಬ್ಬರು ನಿನ್ನೆ ಊಟದ ಹೊತ್ತಿಗೆ ವಾದಿಸಿದರು. ಒಳ್ಳೆಯ ವಾದವೇ. ಆದರೆ ತೊಗರಿಯ ಚೀಲ ಹೊತ್ತ ಹಮಾಲರೂ ಹಿಂದಕ್ಕೆ ಬರುವ ಲಾರಿಯೂ ಆ ಕಂಬವನ್ನು ಎಷ್ಟು ಸುಗ್ಗಿ ಉಳಿಸಿಯಾರು? ಫರ್ಸಿಯನ್ನು ಆರಪಾರ ಕೊರೆದು ಮೇಲೆ ಉಕ್ಕಿನ ತಗಡಿಟ್ಟು ಬೋಲ್ಟು ಹಾಕುವುದು ನನಗೆ ಎಲ್ಲಕ್ಕಿಂತ ಒಪ್ಪಿಗೆ. ಹಾಗೆ ಮಾಡಿದರೆ ಎಳೆತ ಪದರಗಳನ್ನು ಬಿಡಿಸದೆ ಒತ್ತಿಹಿಡಿಯುತ್ತದೆ. ಮಳೆಗಾಲದಲ್ಲಿ ಆ ತೂತಿನಿಂದ ಬೇಳೆಯ ಮೇಲೆ ನೀರು ಸೋರಿದಾಗ ಮಾಲೀಕರಿಗೆ ಉತ್ತರ ಹೇಳುವವರು ಯಾರೆಂಬುದು ಬಾಕಿ ಇದೆ. ಒಂದು ಫರ್ಸಿ ಎಷ್ಟು ಕಿಲೋ ತಾಳೀತು ಎಂಬುದೂ ಬಾಕಿ.

ಎರಡನೆಯದಕ್ಕೆ ಇವತ್ತೇ ಶುರು ಹಚ್ಚಬಹುದು. ಸಂಘಟಕರು ನನ್ನ ಹಟಕ್ಕೆ ಮಣಿದು ಹೊರಗಿನ ಅಂಗಳದಲ್ಲಿ ಬೇರೆ ಬೇರೆ ದಪ್ಪದ ಫರ್ಸಿಗಳನ್ನೂ ಎಳೆತ ಅಳೆಯುವ ಜಾಕನ್ನೂ ಇರಿಸಿದ್ದಾರೆ. ಊಟವಾದ ಮೇಲೆ ಫಿಟ್ಟರ್ ಮಿತ್ರರು ಆಂಕರ್ ಹೊಡೆಯಲಿ, ಎಂಜಿನಿಯರುಗಳು ಬರೆದುಕೊಳ್ಳಲಿ: ಕಲ್ಲಿನ ದಪ್ಪ, ತೂತಿನ ಆಳ, ಎಷ್ಟು ಕಿಲೋಗೆ ಬಿಟ್ಟಿತು. ಕಲ್ಲು ಯಾವ ಖಣಿಯದು ಎಂಬುದನ್ನು ಮರೆಯಬೇಡಿ, ಶಹಾಬಾದಿನದೂ ಚಿತ್ತಾಪುರದ್ದೂ ಒಂದೇ ಥರ ಬಿಡುತ್ತದೆಂಬ ನಂಬಿಕೆ ನನಗಿಲ್ಲ.